ಧಾರ್ಮಿಕ ಸಂಸ್ಥೆಯ ಕಾಲೇಜಿನಲ್ಲಿ ಕಲಿತು ಪ್ರಾಥಮಿಕ ಶಾಲಾ ಶಿಕ್ಷಕರಾಗುವುದು: ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಪಿಯುಸಿ ಫಲಿತಾಂಶ ಬಂದ ಮೇಲೆ, ಪ್ರಾಥಮಿಕ ಶಾಲೆಯ ಟೀಚರ್ ಆಗಬೇಕೆಂದು ಹೊರಟ ಮಗಳ ಮನೆಯಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ. ಸಿಸ್ಟರ್‌ಗಳ ಕಾಲೇಜಿಗೆ ಸೇರಿಸಿದರೆ ಆ ಸರ್ಟಿಫಿಕೇಟು ಸರ್ಕಾರಿ ಕೆಲಸಕ್ಕೆ ನಡೆಯುತ್ತದೆಯೇ? ಮಠದ ಕಾಲೇಜಿನಲ್ಲಿ ಬೇರೆಯವರಿಗೆ ಸೀಟು ಸಿಗುತ್ತದೆಯೇ? ಅಲ್ಲಿನ ಪ್ರಾರ್ಥನೆಗೆ ನಿಲ್ಲಲೇಬೇಕೇ? ಕೇಳುವವರಿಗೆ ಮುಜುಗರ; ಹೇಳುವವರಿಗೆ ಅರ್ಧ ಗೊತ್ತು, ಅರ್ಧ ಊಹೆ. ಉತ್ತರಗಳು ಒಂದೇ ಕಡೆ ಸಿಗುವುದೂ ಇಲ್ಲ. ಕೆಲವು ಸಂವಿಧಾನದಲ್ಲಿವೆ, ಕೆಲವು ಶಿಕ್ಷಕರ ತರಬೇತಿಯ ನಿಯಮಗಳಲ್ಲಿವೆ, ಕೆಲವು ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿವೆ. ಇನ್ನು ಕೆಲವಂತೂ ಆಯಾ ಕಾಲೇಜಿನ ಹಾಸ್ಟೆಲ್ ವಾರ್ಡನ್ ಬಳಿಯೇ ಕೇಳಬೇಕಾದವು.

ಮೊದಲನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಕಾಲೇಜಿಗೆ ಮಾನ್ಯತೆ ಇದ್ದರೆ ಸರ್ಟಿಫಿಕೇಟು ಒಂದೇ. ಸರ್ಕಾರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಅಂದರೆ ಡಯಟ್‌ನಲ್ಲಿ ಓದಿದವರಿಗೂ ಕಾನ್ವೆಂಟಿನ ಕಾಲೇಜಿನಲ್ಲಿ ಓದಿದವರಿಗೂ ಮಠದ ಸಂಸ್ಥೆಯಲ್ಲಿ ಓದಿದವರಿಗೂ ಅದರಲ್ಲಿ ಯಾವ ಭೇದವೂ ಇಲ್ಲ. ಹಿರಿಯರು ಈಗಲೂ ಟಿಸಿಎಚ್ ಎನ್ನುವ, ಆಮೇಲೆ ಡಿ.ಎಡ್ ಆದ, ಈಗ ಡಿ.ಎಲ್.ಎಡ್ ಎಂದು ಕರೆಯುವ ಎರಡು ವರ್ಷದ ಡಿಪ್ಲೊಮಾ ಇದು.

ಯಾರ ಕೈಯಲ್ಲಿ ಏನಿದೆ

ಇಂಥ ಕಾಲೇಜಿನ ಮೇಲೆ ಮೂವರ ಅಧಿಕಾರವಿರುತ್ತದೆ. ಗೊಂದಲವೆಲ್ಲ ಹುಟ್ಟುವುದು ಈ ಮೂವರನ್ನು ಒಬ್ಬರೆಂದು ತಿಳಿಯುವುದರಿಂದ.

ಮೊದಲನೆಯದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. 1993ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ಕಾಲೇಜಿಗೆ ಮಾನ್ಯತೆ ಕೊಡುತ್ತದೆ. ಅದರ 2014ರ ನಿಯಮಗಳ ಪ್ರಕಾರ ಒಂದು ಘಟಕಕ್ಕೆ 50 ಪ್ರಶಿಕ್ಷಣಾರ್ಥಿಗಳು. ಪರೀಕ್ಷೆ ಮತ್ತು ಪ್ರವೇಶದ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ವಾರಕ್ಕೆ ಕನಿಷ್ಠ 36 ಗಂಟೆ. ಪಾಠಗಳಿಗೆ 80 ಶೇಕಡ, ಶಾಲಾ ಇಂಟರ್ನ್‌ಶಿಪ್‌ಗೆ 90 ಶೇಕಡ ಹಾಜರಾತಿ ಕಡ್ಡಾಯ. ಸೇರಲು ಪಿಯುಸಿಯಲ್ಲಿ 50 ಶೇಕಡ ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ರಿಯಾಯಿತಿ ಇದೆ. ನಡೆಸುವವರು ಬಿಷಪ್ಪರಾದರೂ ಸ್ವಾಮೀಜಿಯಾದರೂ ವಕ್ಫ್ ಸಮಿತಿಯಾದರೂ ಈ ಅಂಕಿಗಳು ಬದಲಾಗುವುದಿಲ್ಲ.

ಎರಡನೆಯದು ರಾಜ್ಯದ ಶಾಲಾ ಶಿಕ್ಷಣ ಇಲಾಖೆ. ಪಠ್ಯಕ್ರಮ ಇಲ್ಲಿಂದ ಬರುತ್ತದೆ, ಪಬ್ಲಿಕ್ ಪರೀಕ್ಷೆಯೂ ರಾಜ್ಯದ್ದೇ. ಸರ್ಕಾರಿ ಕೋಟಾದ ಸೀಟುಗಳ ಹಂಚಿಕೆಯನ್ನು ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಮಾಡುತ್ತದೆ. ಆದ್ದರಿಂದ ಧಾರ್ಮಿಕ ಸಂಸ್ಥೆಯ ಕಾಲೇಜಿನಲ್ಲೂ ಒಂದಷ್ಟು ಮಂದಿ ಆಡಳಿತ ಮಂಡಳಿಯನ್ನು ಕೇಳದೆಯೇ, ಮೆರಿಟ್ ಮತ್ತು ಮೀಸಲಾತಿಯ ಆಧಾರದ ಮೇಲೆ ಬಂದು ಸೇರುತ್ತಾರೆ.

ಮೂರನೆಯದು ಆಡಳಿತ ಮಂಡಳಿ. ಕಟ್ಟಡ, ಹಾಸ್ಟೆಲ್, ಪ್ರಾಂಶುಪಾಲರ ಆಯ್ಕೆ, ದಿನಚರಿ, ಮ್ಯಾನೇಜ್‌ಮೆಂಟ್ ಕೋಟಾ, ಪಕ್ಕದಲ್ಲೇ ಇರುವ ತನ್ನ ಶಾಲೆ, ಇವು ಅದರ ಕೈಯಲ್ಲಿವೆ. ಧರ್ಮ ಕಾಲಿಡುವುದು ಇಲ್ಲಿಂದ. ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ, ಪರಿಸರದಲ್ಲಿ ಇದೆ.

ಈ ಏರ್ಪಾಟು ಎಲ್ಲಿಂದ ಬಂತು

ಸರ್ಕಾರ ದುಡ್ಡು ಕೊಟ್ಟು ಪರೀಕ್ಷೆ ನಡೆಸುವುದು, ಧಾರ್ಮಿಕ ಸಂಸ್ಥೆ ಶಾಲೆ ನಡೆಸುವುದು: ಇದು ಸ್ವಾತಂತ್ರ್ಯಾನಂತರದ ಏರ್ಪಾಟಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಎರಡೇ ವರ್ಷದಲ್ಲಿ ಕನ್ನಡ ಶಾಲೆ ಶುರುವಾಯಿತು. ಶಾಲೆ ತೆರೆದ ಮೇಲೆ ಗೊತ್ತಾದದ್ದು, ಪಾಠ ಹೇಳುವ ಜನವೂ ಇಲ್ಲ, ಅಚ್ಚಾದ ಪುಸ್ತಕವೂ ಇಲ್ಲ ಎಂದು. ಅಚ್ಚುಕೂಟ ಬಂದದ್ದು, ತಮ್ಮಲ್ಲೇ ಓದಿದ ಹುಡುಗರನ್ನು ಉಪದೇಶಿಗಳನ್ನಾಗಿಯೂ ಉಪಾಧ್ಯಾಯರನ್ನಾಗಿಯೂ ತಯಾರು ಮಾಡಿದ್ದು ಈ ಕೊರತೆಯಿಂದಲೇ. ಆಗ ಆ ಎರಡು ಕೆಲಸಗಳ ನಡುವೆ ಗೆರೆ ಇರಲಿಲ್ಲ. ವಾರವಿಡೀ ಮಗ್ಗಿ ಹೇಳಿಸಿದವರೇ ಭಾನುವಾರ ಬೈಬಲ್ ಓದಿಸುತ್ತಿದ್ದರು.

ಗೆರೆ ಬಿದ್ದದ್ದು 1854ರಲ್ಲಿ, ವುಡ್ಸ್ ಡಿಸ್ಪ್ಯಾಚ್ ಎಂದು ಹೆಸರಾದ ಶಿಕ್ಷಣ ನೀತಿಯಿಂದ. ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡಬೇಕು, ಶಾಲೆಯ ಲೌಕಿಕ ಪಾಠ ಹೇಗಿದೆ ಎಂಬುದನ್ನು ಮಾತ್ರ ಇನ್‌ಸ್ಪೆಕ್ಟರು ನೋಡಬೇಕು, ಅಲ್ಲಿನ ಧಾರ್ಮಿಕ ಬೋಧನೆಯ ಗೊಡವೆಗೆ ಹೋಗಬಾರದು ಎಂದು ಅದು ಹೇಳಿತು. ಉಪಾಧ್ಯಾಯರ ತರಬೇತಿಗೆ ನಾರ್ಮಲ್ ಸ್ಕೂಲುಗಳು ಬೇಕೆಂದದ್ದೂ ಅದೇ ದಾಖಲೆ. ಇಂದಿನ ಅನುದಾನಿತ ವ್ಯವಸ್ಥೆಯ ಬೇರು ಇಲ್ಲಿದೆ.

ಹುಡುಗಿಯರ ಮಟ್ಟಿಗೆ ಈ ಸಂಸ್ಥೆಗಳ ಋಣ ದೊಡ್ಡದು. ಹೆಣ್ಣುಮಕ್ಕಳನ್ನು ಗಂಡಸು ಮೇಷ್ಟ್ರ ಮುಂದೆ ಕೂರಿಸಲು ಒಪ್ಪದ ಕಾಲದಲ್ಲಿ ಶಿಕ್ಷಕಿಯರಿಲ್ಲದೆ ಹೆಣ್ಣುಮಕ್ಕಳ ಶಾಲೆಯೇ ಸಾಧ್ಯವಿರಲಿಲ್ಲ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ಟೋಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಕರಾವಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನೂ ಶಿಕ್ಷಕಿಯರ ತರಬೇತಿಯನ್ನೂ ಬೆಳೆಸಿದರು. ಅದಕ್ಕೂ ಮೊದಲೇ ಸಾವಿತ್ರಿಬಾಯಿ ಫುಲೆ ಶಿಕ್ಷಕಿಯ ತರಬೇತಿ ಪಡೆದದ್ದು ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನ್ನಿನ ಸಿಂಥಿಯಾ ಫರಾರ್ ಅವರ ಬಳಿ. ಅವರು ಮಿಷನ್ನಿನಲ್ಲಿ ಪಾಠ ಹೇಳುವ ವಿದ್ಯೆ ಕಲಿತರು, ಮತಾಂತರವಾಗಲಿಲ್ಲ. ಕಲಿತದ್ದನ್ನು ಪುಣೆಯಲ್ಲಿ ತಮ್ಮದೇ ಶಾಲೆಗಳಿಗೆ ತಂದರು. ಧಾರ್ಮಿಕ ಸಂಸ್ಥೆಯಲ್ಲಿ ತರಬೇತಿ ಎಂದ ಕೂಡಲೇ ಅನುಮಾನಿಸುವವರು ಈ ಒಂದು ಬದುಕನ್ನು ನೆನೆಯಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಬೋರ್ಸದ್ ಕಾಲೇಜಿನ ಪ್ರಕರಣ

ಈಗ ಕಾನೂನು. ಸಂವಿಧಾನದ 30(1)ನೇ ವಿಧಿ, ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. ಇದರ ಅರ್ಥವನ್ನು ಗಟ್ಟಿ ಮಾಡಿದ ಆರಂಭದ ದೊಡ್ಡ ತೀರ್ಪುಗಳಲ್ಲಿ ಒಂದು ಬಂದದ್ದು ಪ್ರಾಥಮಿಕ ಶಿಕ್ಷಕರ ತರಬೇತಿ ಕಾಲೇಜಿನ ವಿಷಯದಲ್ಲೇ.

ಗುಜರಾತಿನ ಬೋರ್ಸದ್ ಊರಿನಲ್ಲಿ ಮೇರಿ ಬ್ರೌನ್ ಸ್ಮಾರಕ ತರಬೇತಿ ಕಾಲೇಜು ಇತ್ತು. ಪ್ರೆಸ್ಬಿಟೇರಿಯನ್ ಕ್ರೈಸ್ತರ ಮಂಡಳಿಯೊಂದು ತನ್ನ 42 ಪ್ರಾಥಮಿಕ ಶಾಲೆಗಳ ಜೊತೆಗೆ ಇದನ್ನೂ ನಡೆಸುತ್ತಿತ್ತು. 1955ರಲ್ಲಿ ಅಂದಿನ ಬೊಂಬಾಯಿ ಸರ್ಕಾರ ಒಂದು ಆದೇಶ ಹೊರಡಿಸಿತು: ಸರ್ಕಾರೇತರ ತರಬೇತಿ ಕಾಲೇಜುಗಳು ನೂರಕ್ಕೆ 80 ಸೀಟುಗಳನ್ನು ಸರ್ಕಾರ ಕಳಿಸುವ ಶಿಕ್ಷಕರಿಗೆ ಮೀಸಲಿಡಬೇಕು. ಹಾಗೆ ಮಾಡಿದರೆ ನಮ್ಮ ಶಾಲೆಗಳಿಗೆ ಬೇಕಾದ ಶಿಕ್ಷಕರನ್ನು ತಯಾರು ಮಾಡುವುದೆಲ್ಲಿ ಎಂದು ಕಾಲೇಜು ಒಪ್ಪಲಿಲ್ಲ. ಅನುದಾನವೂ ಮಾನ್ಯತೆಯೂ ಹೋಗುತ್ತವೆ ಎಂಬ ಎಚ್ಚರಿಕೆ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಿಧಜ್‌ಭಾಯಿ ಪ್ರಕರಣ ಎಂದು ಹೆಸರಾದ ಅದರಲ್ಲಿ 1962ರಲ್ಲಿ ಕಾಲೇಜು ಗೆದ್ದಿತು.

ಅಲ್ಲಿ ನ್ಯಾಯಾಲಯ ಹಾಕಿಕೊಟ್ಟ ಅಳತೆಗೋಲು ಇಂದಿಗೂ ಉಪಯುಕ್ತ. ಸರ್ಕಾರ ನಿಯಂತ್ರಣ ಹಾಕಬಹುದು. ಆದರೆ ಆ ನಿಯಮ ಸಂಸ್ಥೆಯ ಶೈಕ್ಷಣಿಕ ಗುಣಕ್ಕೆ ಸಂಬಂಧಿಸಿದ್ದಾಗಿರಬೇಕು. ಆ ಸಮುದಾಯಕ್ಕೂ ಅಲ್ಲಿಗೆ ಕಲಿಯಲು ಬರುವ ಇತರರಿಗೂ ಸಂಸ್ಥೆ ಚೆನ್ನಾಗಿ ಶಿಕ್ಷಣ ಕೊಡಲು ನೆರವಾಗುವಂತಿರಬೇಕು. ಶಿಕ್ಷಕರ ಅರ್ಹತೆ, ಪ್ರಯೋಗಾಲಯ, ಹಾಜರಾತಿ, ಶುಚಿತ್ವ ಇವುಗಳ ಬಗ್ಗೆ ನಿಯಮ ಮಾಡಿದರೆ ಸರಿ. ಸೀಟುಗಳನ್ನೇ ಕಿತ್ತುಕೊಂಡು ಆಡಳಿತವನ್ನು ಹೆಸರಿಗಷ್ಟೇ ಉಳಿಸಿದರೆ ತಪ್ಪು.

ನಲವತ್ತು ವರ್ಷಗಳ ಅನಂತರ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಇಡೀ ವಿಷಯವನ್ನು ಮತ್ತೆ ಪರಿಶೀಲಿಸಿತು. 2002ರ ಆ ತೀರ್ಪಿನ ಸಾರ ಇಷ್ಟು: ಅನುದಾನ ಪಡೆಯುವ ಅಲ್ಪಸಂಖ್ಯಾತ ಸಂಸ್ಥೆ ತನ್ನ ಸಮುದಾಯದ ವಿದ್ಯಾರ್ಥಿಗಳಿಗೆ ಆದ್ಯತೆ ಕೊಡಬಹುದು, ಆದರೆ ಹೊರಗಿನವರನ್ನೂ ತಕ್ಕಮಟ್ಟಿಗೆ ಸೇರಿಸಿಕೊಳ್ಳಬೇಕು. ಹಾಗಾಗಿ ಕ್ರೈಸ್ತ ಕಾಲೇಜಿನಲ್ಲಿ ಹಿಂದೂ ಹುಡುಗಿ, ಮುಸ್ಲಿಂ ಸಂಸ್ಥೆಯಲ್ಲಿ ಜೈನರ ಹುಡುಗ ಕಲಿಯುವುದರಲ್ಲಿ ಅಪರೂಪವೇನೂ ಇಲ್ಲ. ತರಬೇತಿ ಕಾಲೇಜಿನ ಒಂದೇ ಬೆಂಚಿನಲ್ಲಿ ನಿಲುವಂಗಿ ತೊಟ್ಟ ಸಿಸ್ಟರೂ ಸೀರೆಯುಟ್ಟ ಹಳ್ಳಿಯ ಹುಡುಗಿಯೂ ಕೂತು ಪಾಠ ಯೋಜನೆ ಬರೆಯುತ್ತಿರುತ್ತಾರೆ.

ಮಠಗಳ ಸಂಗತಿ ಬೇರೆ. ಸುತ್ತೂರು, ಸಿದ್ಧಗಂಗೆಯಂಥ ಮಠಗಳ ಆಶ್ರಯದ ಸಂಸ್ಥೆಗಳೂ ಶಿಕ್ಷಕರ ತರಬೇತಿಯಲ್ಲಿ ದೊಡ್ಡ ಕೆಲಸ ಮಾಡಿವೆ. ಆದರೆ ಧಾರ್ಮಿಕ ಸಂಸ್ಥೆ ಎಂದ ಮಾತ್ರಕ್ಕೆ 30ನೇ ವಿಧಿಯ ರಕ್ಷಣೆ ಬರುವುದಿಲ್ಲ. ಕಾನೂನಿನ ಪ್ರಕಾರ ಅಲ್ಪಸಂಖ್ಯಾತರಾಗಿರಬೇಕು. ರಾಮಕೃಷ್ಣ ಮಿಷನ್ ತಾನು ಪ್ರತ್ಯೇಕ ಧಾರ್ಮಿಕ ಅಲ್ಪಸಂಖ್ಯಾತ ಎಂದು ವಾದಿಸಿದಾಗ ಸುಪ್ರೀಂ ಕೋರ್ಟು 1995ರಲ್ಲಿ ಅದನ್ನು ಒಪ್ಪಲಿಲ್ಲ.

ಪ್ರಾರ್ಥನೆಗೆ ನಿಲ್ಲಲೇಬೇಕೇ?

28(3)ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಕಲಿಯುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆ, ಆರಾಧನೆಗಾಗಲಿ ಒತ್ತಾಯಿಸುವಂತಿಲ್ಲ. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು; ತುಂಬಿದವರು ತಾವೇ ಹೇಳಬಹುದು. ತರಬೇತಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಕರಾದ್ದರಿಂದ ಇಲ್ಲಿ ಅವರ ಮಾತೇ ಕೊನೆಯದು.

ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿದ್ದರೂ ದಿನನಿತ್ಯದಲ್ಲಿ ಇದು ಮಾತಾಡಿ ಬಗೆಹರಿಸಿಕೊಳ್ಳುವ ವಿಷಯ. ಹಾಸ್ಟೆಲಿನಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ, ಮಠದಲ್ಲಿ ಸಂಜೆಯ ಸಾಮೂಹಿಕ ಪ್ರಾರ್ಥನೆ, ಹಬ್ಬದ ದಿನದ ಕಾರ್ಯಕ್ರಮ ಇವಕ್ಕೆಲ್ಲ ಕಾನೂನು ಪುಸ್ತಕ ಹಿಡಿದು ನಿಲ್ಲುವವರು ಕಡಿಮೆ. ಹೆಚ್ಚಿನ ಕಡೆ ಸುಮ್ಮನೆ ನಿಂತು ಗೌರವ ತೋರಿದರೆ ಸಾಕು. ಸೇರುವ ಮೊದಲೇ ಇದನ್ನು ಕೇಳಿಕೊಳ್ಳಿ. ಕೇಳುವುದರಲ್ಲಿ ಅಗೌರವವೇನೂ ಇಲ್ಲ, ಒಳ್ಳೆಯ ಪ್ರಾಂಶುಪಾಲರು ಬಿಡಿಸಿ ಹೇಳುತ್ತಾರೆ. ಹಾಸ್ಟೆಲಿನ ಶಿಸ್ತು ಮಾತ್ರ ಬೇರೆಯೇ ಲೆಕ್ಕ. ಗೇಟು ಮುಚ್ಚುವ ಹೊತ್ತು, ಮೊಬೈಲಿನ ಸಮಯ, ಮಾಂಸಾಹಾರ ಇದೆಯೇ ಇಲ್ಲವೇ ಎಂಬುದು ಸಾಮಾನ್ಯವಾಗಿ ಅವರವರ ನಿಯಮ.

ಇದರಲ್ಲೇ ಮುಂದಿನ ವೃತ್ತಿಗೂ ಒಂದು ಪಾಠ ಅಡಗಿದೆ. ನಾಳೆ ನೀವು ನಿಲ್ಲುವ ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳೂ ಇರುತ್ತಾರೆ. ಸರಸ್ವತಿ ಪೂಜೆಯ ದಿನ ಮೂಲೆಯಲ್ಲಿ ನಿಂತ ಮಗು, ರಂಜಾನ್ ತಿಂಗಳಲ್ಲಿ ಬಿಸಿಯೂಟಕ್ಕೆ ಏಳದ ಮಗು, ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಬೇರೆಯವರ ಆವರಣದಲ್ಲಿ ಎರಡು ವರ್ಷ ಬದುಕಿದ ಅನುಭವಕ್ಕಿಂತ ಒಳ್ಳೆಯ ತರಬೇತಿ ನನಗೆ ಗೊತ್ತಿಲ್ಲ.

ಮೇಷ್ಟ್ರಾಗುವುದು ಅಭ್ಯಾಸ ಶಾಲೆಯಲ್ಲಿ

ಮಕ್ಕಳ ಬೆಳವಣಿಗೆಯ ಮನೋವಿಜ್ಞಾನ, ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನಗಳ ಬೋಧನಾ ವಿಧಾನ, ಕಲೆ, ದೈಹಿಕ ಶಿಕ್ಷಣ ಇವೆಲ್ಲ ಕಾಲೇಜಿನ ಒಳಗೆ ನಡೆಯುತ್ತವೆ. ಶಿಕ್ಷಕಿ ರೂಪುಗೊಳ್ಳುವುದು ಮಾತ್ರ ಗೋಡೆಯಾಚೆಗಿನ ಶಾಲೆಯಲ್ಲಿ.

ಮೊದಲು ಸೂಕ್ಷ್ಮ ಬೋಧನೆ. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿ ಕೆಲವೇ ನಿಮಿಷ ಒಂದೇ ಕೌಶಲವನ್ನು ತಿದ್ದಿಕೊಳ್ಳುವುದು: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು. ಆಮೇಲೆ ಅಭ್ಯಾಸ ಪಾಠಗಳು. ಪ್ರತಿ ಪಾಠಕ್ಕೂ ಯೋಜನೆ ಬರೆದು ಉಪನ್ಯಾಸಕರ ಸಹಿ ಹಾಕಿಸಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಐದು ಹಂತಗಳ ವಿಧಾನ ಬಳಕೆಯಲ್ಲಿದೆ: ಮಕ್ಕಳನ್ನು ತೊಡಗಿಸುವುದು, ತಾವೇ ಹುಡುಕಿ ನೋಡಲು ಬಿಡುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಮಾಡುವುದು. ಬರೆಯುವಾಗ ಸಲೀಸು. ಮೂರನೇ ತರಗತಿಯಲ್ಲಿ ದಶಕ ಎರವಲು ಪಡೆದು ಕಳೆಯುವ ಲೆಕ್ಕಕ್ಕೆ ಮಕ್ಕಳು ತಪ್ಪು ಉತ್ತರ ಕೊಟ್ಟಾಗ, ಆ ತಪ್ಪಿನ ಹಿಂದೆ ಯಾವ ಯೋಚನೆ ಓಡಿದೆ ಎಂದು ಥಟ್ಟನೆ ಹಿಡಿಯುವುದಿದೆಯಲ್ಲ, ಅದು ಮಕ್ಕಳ ಮುಂದೆ ನಿಂತು ನಿಂತೇ ಬರಬೇಕು. ಕೊನೆಗೆ ವಾರಗಟ್ಟಲೆ ನಡೆಯುವ ಇಂಟರ್ನ್‌ಶಿಪ್. ಹಾಜರಿ ಪುಸ್ತಕ, ಬಿಸಿಯೂಟ, ಪೋಷಕರ ಸಭೆ, ಮಳೆ ಬಂದಾಗ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು, ಎಲ್ಲವೂ ಆಗ ಕಣ್ಣಿಗೆ ಬೀಳುತ್ತದೆ.

ಧಾರ್ಮಿಕ ಸಂಸ್ಥೆಗಳ ನಿಜವಾದ ಬಲ ಇಲ್ಲಿದೆ. ಹೆಚ್ಚಿನವಕ್ಕೆ ಅದೇ ಆವರಣದಲ್ಲಿ ಹಿರಿಯ ಪ್ರಾಥಮಿಕ ಶಾಲೆ ಇರುತ್ತದೆ, ಎಷ್ಟೋ ಸಲ ಕಾಲೇಜಿಗಿಂತ ಹಳೆಯದು. ಮೂವತ್ತು ವರ್ಷ ಒಂದನೇ ತರಗತಿ ನೋಡಿಕೊಂಡ ಟೀಚರು ಹತ್ತು ಹೆಜ್ಜೆ ದೂರದಲ್ಲಿ ಸಿಗುತ್ತಾರೆ. ಮಧ್ಯಾಹ್ನ ಕಲಿತ ವಿಧಾನವನ್ನು ಮರುದಿನ ಬೆಳಗ್ಗೆ ಮಕ್ಕಳ ಮುಂದೆ ಮಾಡಿ ನೋಡಬಹುದು. ಕೋಣೆ ಬಾಡಿಗೆಗೆ ಹಿಡಿದು ಬೋರ್ಡು ತೂಗುಹಾಕಿದ ಕಾಲೇಜುಗಳು ಇದನ್ನು ಕೊಡಲಾರವು. ಒಂದು ಕಾಲದಲ್ಲಿ ನಮ್ಮಲ್ಲಿ ಅಂಥ ಕಾಲೇಜುಗಳು ತಾಲ್ಲೂಕು ತಾಲ್ಲೂಕಿನಲ್ಲೂ ಎದ್ದವು. ನೇಮಕಾತಿ ತಗ್ಗಿದಂತೆ ಬಾಗಿಲು ಹಾಕಿದವು.

ದೌರ್ಬಲ್ಯವೂ ಇಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಆವರಣದ ಶಾಲೆ ಇಂಗ್ಲಿಷ್ ಮಾಧ್ಯಮದ್ದಾಗಿದ್ದು ಅಭ್ಯಾಸವೆಲ್ಲ ಅಲ್ಲೇ ಮುಗಿದರೆ, ಪ್ರಶಿಕ್ಷಣಾರ್ಥಿ ನಲಿ-ಕಲಿ ತರಗತಿಯನ್ನು ಕಾಣದೆಯೇ ಹೊರಬರುತ್ತಾರೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು. ಆಮೇಲೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿಯ ಮೇಲೆ ಒಂದೊಂದು ಮಗುವೂ ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಹೋಗುತ್ತದೆ. ಶಿಕ್ಷಕರ ನೆರವು ಪೂರ್ತಿ ಬೇಕಾದ ಗುಂಪು ಒಂದು ಕಡೆ, ಗೆಳೆಯರಿಂದ ಕಲಿಯುವ ಗುಂಪು ಇನ್ನೊಂದು ಕಡೆ, ತಾನೇ ಕಲಿಯುವ ಗುಂಪು ಮತ್ತೊಂದು ಕಡೆ. ಸಾಲು ಬೆಂಚುಗಳ ಮುಂದೆ ನಿಂತು ಪಾಠ ಮಾಡಿ ರೂಢಿಯಾದವರು ಸರ್ಕಾರಿ ಶಾಲೆಯ ಈ ಕೋಣೆಗೆ ಮೊದಲ ದಿನ ಕಾಲಿಟ್ಟರೆ ಕಕ್ಕಾಬಿಕ್ಕಿಯಾಗುತ್ತಾರೆ. ಆದ್ದರಿಂದ ಕಾಲೇಜು ಆರಿಸುವಾಗ ನಾನು ಮೊದಲು ಕೇಳಿಸುವ ಪ್ರಶ್ನೆ ಫೀಸಿನದ್ದಲ್ಲ, ಧರ್ಮದ್ದೂ ಅಲ್ಲ: ಇಂಟರ್ನ್‌ಶಿಪ್ ಯಾವ ಶಾಲೆಗಳಲ್ಲಿ, ಅದರಲ್ಲಿ ಸರ್ಕಾರಿ ಕನ್ನಡ ಶಾಲೆ ಎಷ್ಟು ವಾರ?

ಡಿಪ್ಲೊಮಾ ಆದ ಮೇಲೆ

ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಈ ಡಿಪ್ಲೊಮಾದ ಬೆಲೆ ಈಚೆಗೆ ಹೆಚ್ಚಿದೆ. ಬಿ.ಎಡ್ ಮಾಡಿದವರೂ ಈ ಹಂತಕ್ಕೆ ಅರ್ಹರು ಎಂದು ಎನ್‌ಸಿಟಿಇ 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ನಿಲ್ಲದು ಎಂದಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಪ್ರತ್ಯೇಕ ವಿದ್ಯೆ, ಬಿ.ಎಡ್ ಅದಕ್ಕೆ ತಯಾರು ಮಾಡುವುದಿಲ್ಲ ಎಂಬುದು ಅದರ ತಿರುಳು. ಒಂದನೇ ತರಗತಿಗೆ ಅಕ್ಷರ ಕಲಿಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು.

ಡಿಪ್ಲೊಮಾ ಒಂದೇ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಪಾಸಾಗಬೇಕು. ಮೊದಲ ಪತ್ರಿಕೆ 1ರಿಂದ 5ನೇ ತರಗತಿಗೆ, ಎರಡನೆಯದು 6ರಿಂದ 8ಕ್ಕೆ. ಮೊದಲ ಪತ್ರಿಕೆಯಲ್ಲಿ 150 ಅಂಕ, 150 ಪ್ರಶ್ನೆ: ಶಿಶು ವಿಕಾಸ ಮತ್ತು ಬೋಧನಾ ವಿಧಾನ, ಮೊದಲ ಭಾಷೆ, ಎರಡನೇ ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಸಾಮಾನ್ಯ ವರ್ಗಕ್ಕೆ 60 ಶೇಕಡ ಬೇಕು. ಒಮ್ಮೆ ಪಾಸಾದರೆ ಜೀವಮಾನಪೂರ್ತಿ ಸಾಕು.

ಅಲ್ಪಸಂಖ್ಯಾತ ಶಾಲೆಯಲ್ಲಿ ಕೆಲಸ ಮಾಡುವವರಿಗೂ ಟಿಇಟಿ ಬೇಕೇ? ಇಲ್ಲಿ ಕಾನೂನು ಈಗಲೂ ಕದಲುತ್ತಿದೆ. ಟಿಇಟಿಗೆ ಆಧಾರವಾದ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತ್ತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯೇ ಎಂಬ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಉಳಿದ ಶಾಲೆಗಳ ಸೇವಾನಿರತ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದೂ ಅದೇ ದಿನ ಹೇಳಿತು. ನಮ್ಮ ಸಂಸ್ಥೆಯ ಶಾಲೆಯಲ್ಲೇ ಕೆಲಸ ಕೊಡುತ್ತೇವೆ, ಟಿಇಟಿ ಯಾಕೆ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಎರಡನೇ ವರ್ಷ ಮುಗಿಯುತ್ತಿದ್ದಂತೆ, ಓದು ಬಿಸಿಯಾಗಿರುವಾಗಲೇ ಪರೀಕ್ಷೆಗೆ ಕೂರಿ.

ಇನ್ನೊಂದು ಬದಲಾವಣೆ ಬಾಗಿಲಿಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಪದವಿಯಾಗಬೇಕು, ಅದನ್ನು ಬಹುವಿಷಯಗಳ ಕಾಲೇಜುಗಳೇ ನಡೆಸಬೇಕು ಎನ್ನುತ್ತದೆ. 2023-24ರಲ್ಲಿ ಕೆಲವು ಸಂಸ್ಥೆಗಳಲ್ಲಿ ಅದು ಪ್ರಾಯೋಗಿಕವಾಗಿ ಆರಂಭವೂ ಆಯಿತು. ಐವತ್ತು ಸೀಟಿನ ಕಾನ್ವೆಂಟ್ ತರಬೇತಿ ಕಾಲೇಜು ಒಂಟಿಯಾಗಿ ಇದನ್ನು ನಡೆಸಲಾರದು. ಪಕ್ಕದಲ್ಲೇ ಪದವಿ ಕಾಲೇಜು ಇರುವ ದೊಡ್ಡ ಸಂಸ್ಥೆಗಳು ಉಳಿಯುತ್ತವೆ; ತಾಲ್ಲೂಕು ಕೇಂದ್ರದ ಸಣ್ಣವು ಯಾರೊಂದಿಗಾದರೂ ಸೇರಬೇಕು, ಇಲ್ಲವೇ ಮುಚ್ಚಬೇಕು. ಪದವಿಯ ಮಟ್ಟಕ್ಕೆ ಏರುವುದು ಶಿಕ್ಷಕರಿಗೆ ಸಲ್ಲಬೇಕಾದ ಗೌರವವೇ, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ದೊಡ್ಡ ಕ್ಯಾಂಪಸ್ಸಿಗೆ ಹೋಗುವ ಭರದಲ್ಲಿ ಆವರಣದ ಪ್ರಾಥಮಿಕ ಶಾಲೆಯನ್ನು ಬಿಟ್ಟುಹೋಗಬಾರದು. ವಿಲೀನದ ಅರ್ಜಿ ಬರೆಯುತ್ತಿರುವ ಆಡಳಿತ ಮಂಡಳಿಗಳು ಹೊಸ ಕೋರ್ಸಿನ ಕೊಠಡಿಗಳ ನಕ್ಷೆಯಲ್ಲಿ ಒಂದನೇ ತರಗತಿಯ ಕೋಣೆಯನ್ನೂ ಸೇರಿಸಬೇಕು. ಮಾನ್ಯತೆ ಕೊಡುವವರೂ ಅದನ್ನು ಕೇಳಿ ನೋಡಬೇಕು.